ಕುದುರೆಗೆ ಹೊಟ್ಟೆನೋವು ಬಂದಾಗ: ಮೊದಲ ಗಂಟೆಯಿಂದ ಮತ್ತೆ ಮೇಯುವ ತನಕ

ರಾತ್ರಿ ಎರಡರ ಹೊತ್ತಿಗೆ ಲಾಯದಲ್ಲಿ ನೆಲ ಕೆರೆಯುವ ಸದ್ದು ಕೇಳಿಸಿತು. ಎದ್ದು ಹೋಗಿ ಟಾರ್ಚ್ ಬಿಟ್ಟರೆ ನಮ್ಮ ಚಂದ್ರಿ ಮುಂಗಾಲಿನಿಂದ ಕಲ್ಲುಚಪ್ಪಡಿ ಕೆರೆಯುತ್ತಿದ್ದಳು. ಸಂಜೆ ಹಾಕಿದ್ದ ಹುಲ್ಲು ಗೊಂತಿನಲ್ಲಿ ಹಾಗೇ ಇತ್ತು. ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಂಡಳು. ಮೇಲ್ತುಟಿ ಮೇಲಕ್ಕೆ ಸುರುಳಿ ಸುತ್ತಿದಳು. ಮಲಗಿದಳು, ಎದ್ದಳು, ಮತ್ತೆ ಮಲಗಿದಳು.

ಪಕ್ಕದ ಮನೆಯವರು ದನ ಕಟ್ಟಿದವರು. ಕೂಗಿದ ತಕ್ಷಣ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ, ಒಂದು ಬಾಟಲಿ ಹರಳೆಣ್ಣೆ ಹಿಡಿದು ಓಡಿ ಬಂದರು. ಒಳ್ಳೆ ಮನಸ್ಸಿನಿಂದಲೇ ಬಂದಿದ್ದರು. ಆವತ್ತು ಮೈಸೂರಿನ ನಮ್ಮ ಮನೆಯಲ್ಲಿ ಹಳೇ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಕೆಲಸದವರು, ಒಬ್ಬರು ಉಳಿದುಕೊಂಡಿದ್ದರು. ರೇಸ್ ಕುದುರೆಗಳ ಜೊತೆಯಲ್ಲೇ ಆಯಸ್ಸು ಕಳೆದವರು. ಅವರು ಗೊಟ್ಟ ಹಿಡಿದ ಕೈ ತಡೆದು, "ದನಕ್ಕೆ ಹಾಕಿ ಅಣ್ಣಾ, ಕುದುರೆಗೆ ಬೇಡ. ಎಣ್ಣೆ ಹೊಟ್ಟೆಗೆ ಹೋಗಲ್ಲ, ಶ್ವಾಸಕ್ಕೆ ಹೋಗುತ್ತೆ" ಅಂದರು. ಆಮೇಲೆ ಚಂದ್ರಿಯ ಪಕ್ಕೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಒಂದು ನಿಮಿಷ ಅಲ್ಲಾಡದೆ ನಿಂತರು. "ಬಲಗಡೆ ಸ್ವಲ್ಪ ಮಾತಾಡ್ತಾಳೆ, ಎಡಗಡೆ ಸುಮ್ಮನಿದ್ದಾಳೆ. ಡಾಕ್ಟರಿಗೆ ಫೋನ್ ಮಾಡು."

ಹೊಟ್ಟೆ ಮಾತಾಡುತ್ತೆ ಅನ್ನೋದೇ ನನಗೆ ಅವತ್ತಿನ ತನಕ ಗೊತ್ತಿರಲಿಲ್ಲ. ಕುದುರೆ ಸಾಕುವವರು ಯಾರೇ ಆಗಲಿ, ಟಾಂಗಾದವರು, ಮದುವೆ ಮೆರವಣಿಗೆಗೆ ಕುದುರೆ ಕಳಿಸುವವರು, ಸವಾರಿ ಕಲಿಸುವವರು, ತೋಟದ ಮನೆಯಲ್ಲಿ ಒಂದೇ ಒಂದು ಕುದುರೆ ಕಟ್ಟಿಕೊಂಡವರು, ಆ ಮಾತು ಕೇಳಿಸಿಕೊಳ್ಳಲು ಕಲಿಯಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ಹೊಟ್ಟೆನೋವು, ಶೂಲೆ, ಕಾಲಿಕ್, ಹೆಸರು ಏನೇ ಹೇಳಿ. ಕುದುರೆಗಳ ಜೀವ ತೆಗೆಯುವ ತೊಂದರೆಗಳಲ್ಲಿ ಇದು ಮುಂಚೂಣಿಯಲ್ಲಿದೆ.

ಕುದುರೆಯ ಹೊಟ್ಟೆ ಹಸುವಿನ ಹೊಟ್ಟೆಯಲ್ಲ

ನಮ್ಮಲ್ಲಿ ತುಂಬಾ ಜನ ದನ ಸಾಕಿದ ಅನುಭವದ ಮೇಲೆ ಕುದುರೆ ಸಾಕುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ. ಹಸು ತಿಂದದ್ದು ಮೊದಲು ದೊಡ್ಡ ಚೀಲದಂಥ ಹೊಟ್ಟೆಗೆ ಹೋಗುತ್ತದೆ, ಅಲ್ಲಿ ಕೊಳೆತು ಹದವಾಗಿ ಮತ್ತೆ ಬಾಯಿಗೆ ಬರುತ್ತದೆ. ಕುದುರೆಗೆ ಮೆಲುಕು ಇಲ್ಲ. ಅದರ ಜಠರ ದೇಹಕ್ಕೆ ಹೋಲಿಸಿದರೆ ಬಹಳ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ಪಿತ್ತಕೋಶ ಇಲ್ಲ. ದಿನವಿಡೀ ಸ್ವಲ್ಪ ಸ್ವಲ್ಪ ಮೇಯುತ್ತಾ ಇರಲಿ ಅಂತಲೇ ಆದ ದೇಹ ಅದು. ಹೊಟ್ಟೆ ಖಾಲಿ ಇದ್ದರೂ ಜಠರದಲ್ಲಿ ಆಮ್ಲ ಸುರಿಯುತ್ತಲೇ ಇರುತ್ತದೆ.

ಇನ್ನೊಂದು ಮುಖ್ಯ ವಿಷಯ. ಕುದುರೆ ವಾಂತಿ ಮಾಡಲಾರದು. ಅನ್ನನಾಳ ಜಠರಕ್ಕೆ ಸೇರುವ ಕಡೆ ಇರುವ ಸ್ನಾಯುವಿನ ಬಿಗಿತ ಹಾಗಿದೆ, ಒಳಗೆ ಹೋದದ್ದು ವಾಪಸ್ ಬರುವುದಿಲ್ಲ. ನಾಯಿ ಕೆಟ್ಟದ್ದು ತಿಂದರೆ ಕಕ್ಕಿ ಹಗುರಾಗುತ್ತದೆ. ಕುದುರೆಗೆ ಆ ದಾರಿ ಇಲ್ಲ. ಕೆಳಗೆ ಕಟ್ಟಿಕೊಂಡರೆ ಜಠರ ಉಬ್ಬಿ ಉಬ್ಬಿ ಒಡೆದೇ ಹೋಗಬಹುದು.

ಜಠರ ದಾಟಿದರೆ ಸುಮಾರು 20 ಮೀಟರಿಗೂ ಉದ್ದದ ಸಣ್ಣ ಕರುಳು. ಅದರಾಚೆ ಬಲಪಕ್ಕೆಯಲ್ಲಿ 'ಸೀಕಂ' ಎನ್ನುವ ದೊಡ್ಡ ಚೀಲ, ಆಮೇಲೆ ದೊಡ್ಡ ಕರುಳು. ಹುಲ್ಲಿನ ನಾರು ಹುದುಗುವುದು, ಕೋಟಿ ಕೋಟಿ ಸೂಕ್ಷ್ಮಜೀವಿಗಳು ಅದನ್ನು ಶಕ್ತಿಯಾಗಿ ಬದಲಿಸುವುದು ಈ ಹಿಂಭಾಗದಲ್ಲೇ. ದೊಡ್ಡ ಕರುಳು ಮೂರು ನಾಲ್ಕು ಮೀಟರ್ ಉದ್ದ. ಹೊಟ್ಟೆಯೊಳಗೆ ಮಡಚಿ ಕೂತಿರುತ್ತದೆ, ಬಹುಭಾಗ ಯಾವುದಕ್ಕೂ ಅಂಟಿಕೊಂಡಿಲ್ಲ. ಎಡಗಡೆ ಸೊಂಟದ ಹತ್ತಿರ ಒಂದು ತಿರುವಿನಲ್ಲಿ ತಟ್ಟನೆ ಕಿರಿದಾಗುತ್ತದೆ. ನೀರು ಕಡಿಮೆ ಕುಡಿದು ಒಣಹುಲ್ಲು ಜಾಸ್ತಿ ತಿಂದರೆ ಗಂಟಲಿಗೆ ಅನ್ನ ಸಿಕ್ಕಿಕೊಂಡ ಹಾಗೆ ಅಲ್ಲಿ ಕಟ್ಟಿಕೊಳ್ಳುತ್ತದೆ. ಗಾಳಿ ತುಂಬಿದರೆ ಕರುಳು ಜಾಗ ಬಿಟ್ಟು ಸರಿಯುತ್ತದೆ, ಕೆಲವೊಮ್ಮೆ ತಿರುಚಿಕೊಳ್ಳುತ್ತದೆ. ತಿರುಚಿದರೆ ರಕ್ತ ಹರಿಯುವುದು ನಿಲ್ಲುತ್ತದೆ. ಆಗ ಸಮಯ ಗಂಟೆಗಳ ಲೆಕ್ಕ.

ಚೆನ್ನಾಗಿರುವಾಗಲೇ ಇದನ್ನು ಕಲಿತುಕೊಳ್ಳಿ

ನೋವು ಬಂದ ರಾತ್ರಿ ಮೊದಲ ಸಲ ನಾಡಿ ಹುಡುಕಲು ಹೋದರೆ ಸಿಗುವುದಿಲ್ಲ. ಕೈ ನಡುಗುತ್ತಿರುತ್ತದೆ, ಕುದುರೆ ನಿಲ್ಲುವುದಿಲ್ಲ. ಹಾಗಾಗಿ ಒಂದು ವಾರ ಬೆಳಿಗ್ಗೆ, ಮೈ ಉಜ್ಜುವ ಹೊತ್ತಿನಲ್ಲಿ, ಈ ಐದು ವಿಷಯ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ.

ಮೊದಲು ನಾಡಿ. ಕೆಳದವಡೆ ಮೂಳೆಯ ಒಳಅಂಚಿನಲ್ಲಿ, ಕೆನ್ನೆಯ ದಪ್ಪ ಸ್ನಾಯು ಮುಗಿಯುವ ಕಡೆ, ಬೆರಳಿಗೆ ದಾರದಂತೆ ಉರುಳುವ ರಕ್ತನಾಳ ಸಿಗುತ್ತದೆ. ಮೆತ್ತಗೆ ಒತ್ತಿ. ಗಟ್ಟಿ ಒತ್ತಿದರೆ ನಾಡಿಯೇ ಮಾಯ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಅಲ್ಲಿ ಸಿಗದಿದ್ದರೆ ಎಡ ಮೊಣಕೈ ಹಿಂದೆ ಎದೆಯ ಮೇಲೆ ಸ್ಟೆತಸ್ಕೋಪ್ ಇಡಿ. ಆರಾಮಾಗಿ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44. ಮರಿಗಳಿಗೆ ಜಾಸ್ತಿ ಇರುತ್ತದೆ.

ಉಸಿರು ನೋಡಲು ಮುಟ್ಟಬೇಕಿಲ್ಲ. ಸ್ವಲ್ಪ ದೂರ ನಿಂತು ಪಕ್ಕೆ ಏಳುವುದು ಎಣಿಸಿ. ನಿಮಿಷಕ್ಕೆ 8ರಿಂದ 16.

ಜ್ವರ ನೋಡುವುದು ಗುದದಲ್ಲಿ. ಥರ್ಮಾಮೀಟರ್ ತುದಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಬಾಲಕ್ಕೆ ಸಿಕ್ಕಿಸಿ. ಹಾಗೆ ಮಾಡದಿದ್ದರೆ ಒಳಗೆ ಎಳೆದುಕೊಂಡು ಬಿಡುತ್ತದೆ. ನೇರ ಹಿಂದೆ ನಿಲ್ಲಬೇಡಿ, ಪಕ್ಕಕ್ಕೆ ಒತ್ತಿ ನಿಲ್ಲಿ. 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್ ಸರಿ.

ಒಸಡು. ಮೇಲ್ತುಟಿ ಎತ್ತಿ ನೋಡಿ. ತಿಳಿ ಗುಲಾಬಿ, ಒದ್ದೆ ಇರಬೇಕು. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು.

ಕೊನೆಯದು ಹೊಟ್ಟೆಯ ಸದ್ದು. ಎಡಗಡೆ ಎರಡು ಜಾಗ, ಬಲಗಡೆ ಎರಡು ಜಾಗ. ಹಿಂಗಾಲಿನ ಮುಂದೆ ಪಕ್ಕೆಯಲ್ಲಿ ಗುಳಿ ಬೀಳುವ ಕಡೆ ಒಂದು, ಅದರ ಕೆಳಗೆ ಹೊಟ್ಟೆ ಬಾಗುವ ಕಡೆ ಒಂದು. ಪ್ರತಿ ಜಾಗದಲ್ಲೂ ಒಂದು ನಿಮಿಷ ಕಿವಿ ಇಡಿ. ಗುಳುಗುಳು, ದೂರದ ಗುಡುಗಿನಂಥ ಸದ್ದು ಕೇಳಬೇಕು. ಬಲಗಡೆ ಮೇಲ್ಭಾಗದಲ್ಲಿ ಆಗಾಗ ಪೈಪಿನಲ್ಲಿ ನೀರು ಇಳಿದಂಥ ಉದ್ದನೆಯ ಸದ್ದು ಬರುತ್ತದೆ. ಅದು ಸಣ್ಣ ಕರುಳಿನಿಂದ ಸೀಕಂಗೆ ಇಳಿಯುವುದು. ಮೊದಲ ಸಲ ಕೇಳಿದಾಗ ನನಗೆ ರೋಮಾಂಚನವಾಗಿತ್ತು. ಒಂದು ವಾರ ಕೇಳಿದರೆ ನಿಮ್ಮ ಕುದುರೆಯ ಸದ್ದು ನಿಮಗೆ ಪರಿಚಯ ಆಗುತ್ತದೆ.

ಇವುಗಳ ಜೊತೆ ಲದ್ದಿ. ದಿನಕ್ಕೆ 8ರಿಂದ 12 ಸಲ ಹಾಕುತ್ತದೆ. ಉಂಡೆ ಉಂಡೆಯಾಗಿ ಬಿದ್ದು, ನೆಲಕ್ಕೆ ತಾಗಿದಾಗ ಸ್ವಲ್ಪ ಒಡೆಯಬೇಕು. ಚಿಕ್ಕ ಗಟ್ಟಿ ಉಂಡೆ, ಮೇಲೆ ಲೋಳೆ ಸುತ್ತಿಕೊಂಡಿದ್ದರೆ ನೀರು ಸಾಲುತ್ತಿಲ್ಲ, ಒಳಗೆ ನಿಧಾನ ಆಗಿದೆ ಅಂತ ಅರ್ಥ. ಲಾಯ ಗುಡಿಸುವವರು ಬೇರೆ, ಕುದುರೆ ನೋಡುವವರು ಬೇರೆ ಆದ ಕಡೆ ಈ ಸುದ್ದಿ ಯಾರಿಗೂ ಮುಟ್ಟುವುದಿಲ್ಲ. ಗುಡಿಸುವವರನ್ನು ದಿನಾ ಕೇಳಿ: "ಇವತ್ತು ಲದ್ದಿ ಎಷ್ಟಿತ್ತು?"

ತೂಕವೂ ಗೊತ್ತಿರಲಿ, ಔಷಧಿ ಲೆಕ್ಕಕ್ಕೆ ಬೇಕು. ಟೇಪಿನಲ್ಲಿ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂದಿನ ಮೂಳೆಯಿಂದ ಪೃಷ್ಠದ ಹಿಂದಿನ ಮೂಳೆಯ ತನಕ ಉದ್ದ ತೆಗೆಯಿರಿ. ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಚಂದ್ರಿಯದು 160 ಮತ್ತು 145. ಲೆಕ್ಕ ಹಾಕಿದರೆ ಸುಮಾರು 312 ಕೆಜಿ.

ನೋವು ಶುರುವಾಗಿದೆ. ಈಗ ಏನು?

ನೋವು ತೋರಿಸುವ ರೀತಿ ಕುದುರೆಯಿಂದ ಕುದುರೆಗೆ ಬೇರೆ. ಮೇವು ಬಿಡುವುದು, ಮಂಕಾಗಿ ನಿಲ್ಲುವುದು, ಪಕ್ಕೆ ನೋಡುವುದು, ನೆಲ ಕೆರೆಯುವುದು, ಮೂತ್ರಕ್ಕೆ ನಿಂತ ಹಾಗೆ ಮೈ ಉದ್ದ ಮಾಡಿ ನಿಂತು ಏನೂ ಬಾರದಿರುವುದು, ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುವುದು. ಇದರ ಮೇಲಿನದು ಬೆವರು, ನಡುಕ, ಧೊಪ್ಪನೆ ಬಿದ್ದು ಉರುಳಾಡುವುದು. ಒಂದು ಎಚ್ಚರಿಕೆ. ಗಂಟೆಗಟ್ಟಲೆ ಉರುಳಾಡಿದ ಕುದುರೆ ಇದ್ದಕ್ಕಿದ್ದ ಹಾಗೆ ಸುಮ್ಮನಾಗಿ, ಮೈ ತಣ್ಣಗಾಗಿ, ಒಸಡು ಕಪ್ಪಿಟ್ಟರೆ ಅದು ವಾಸಿಯಾದ ಗುರುತಲ್ಲ. ಒಳಗೆ ಕರುಳೋ ಜಠರವೋ ಒಡೆದಾಗಲೂ ಹೀಗೇ ಆಗುತ್ತದೆ.

ಮೊದಲ ಕೆಲಸ, ಗೊಂತಿನಲ್ಲಿರುವ ಹುಲ್ಲು, ಹುರುಳಿ, ಬೂಸಾ ಎಲ್ಲ ತೆಗೆಯಿರಿ. ಪೂರ್ತಿ ತೆಗೆಯಿರಿ. "ಒಂದು ಹಿಡಿ ತಿಂದರೆ ಚೇತರಿಸಿಕೊಳ್ತಾನೆ" ಅನ್ನುವ ಅಕ್ಕರೆ ಇಲ್ಲಿ ಕೆಡುಕು. ನೀರಿನ ಬಕೆಟ್ ಇರಲಿ, ಆದರೆ ಬಲವಂತ ಮಾಡಬೇಡಿ. ಮೂಗಿನಿಂದ ಹಸಿರು ನೀರು ಇಳಿಯುತ್ತಿದ್ದರೆ ನೀರೂ ಬೇಡ.

ಎರಡನೆಯದು, ಮೇಲೆ ಹೇಳಿದ ಐದನ್ನೂ ನೋಡಿ ಸಮಯ ಸಮೇತ ಬರೆದುಕೊಳ್ಳಿ. ಐದು ನಿಮಿಷದ ಕೆಲಸ. ಕುದುರೆ ಉರುಳಾಡುತ್ತಿದ್ದರೆ ಬಿಟ್ಟುಬಿಡಿ, ನಿಮ್ಮ ಕೈಕಾಲು ಮುರಿಯುವುದು ಬೇಡ.

ಮೂರನೆಯದು ಫೋನ್. "ಬೆಳಗಾಗಲಿ ನೋಡೋಣ" ಅನ್ನಬೇಡಿ. ಕುದುರೆ ನೋಡಿ ಅಭ್ಯಾಸ ಇರುವ ಡಾಕ್ಟರ್ ಎಲ್ಲ ಊರಲ್ಲೂ ಇರುವುದಿಲ್ಲ, ಹಾಗಾಗಿ ಇಬ್ಬರ ನಂಬರ್ ಮೊದಲೇ ಹುಡುಕಿಟ್ಟುಕೊಳ್ಳಿ. ಸರ್ಕಾರದ ಪಶು ಸಹಾಯವಾಣಿ 1962. ಬೆಂಗಳೂರು ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಫೋನಿನಲ್ಲಿ "ಕುದುರೆಗೆ ಹುಷಾರಿಲ್ಲ, ಬೇಗ ಬನ್ನಿ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ: "ಡಾಕ್ಟ್ರೇ, ಹೆಣ್ಣು ಕುದುರೆ, ಒಂಬತ್ತು ವರ್ಷ, ಸುಮಾರು 310 ಕೆಜಿ. ರಾತ್ರಿ ಎರಡರಿಂದ ನೆಲ ಕೆರೀತಾಳೆ, ಮಲಗಿ ಏಳ್ತಾಳೆ, ಉರುಳಾಡಿಲ್ಲ. ನಾಡಿ 52, ಜ್ವರ ಇಲ್ಲ. ಒಸಡು ಒಣಗಿದೆ. ಎಡಗಡೆ ಸದ್ದಿಲ್ಲ. ನಿನ್ನೆ ಮಧ್ಯಾಹ್ನದಿಂದ ಲದ್ದಿ ಕಡಿಮೆ, ಎರಡು ದಿನದಿಂದ ಭತ್ತದ ಹುಲ್ಲು ಹಾಕಿದ್ದೀವಿ. ಗಬ್ಬ ಇಲ್ಲ. ಯಾವ ಔಷಧಿನೂ ಕೊಟ್ಟಿಲ್ಲ." ಇಷ್ಟು ಕೇಳಿದರೆ ಅವರು ಯಾವ ಸಾಮಾನು ತರಬೇಕು, ಎಷ್ಟು ಬೇಗ ಹೊರಡಬೇಕು ಅಂತ ಅಲ್ಲೇ ತೀರ್ಮಾನ ಮಾಡುತ್ತಾರೆ.

ನಾಡಿ 60 ದಾಟಿದ್ದರೆ, ನಾಲ್ಕೂ ಕಡೆ ಹೊಟ್ಟೆ ಮೌನವಾಗಿದ್ದರೆ, ಒಸಡು ಇಟ್ಟಿಗೆ ಕೆಂಪು ಅಥವಾ ನೇರಳೆ ಆಗಿದ್ದರೆ, ಹೊಟ್ಟೆ ಡೋಲಿನ ಹಾಗೆ ಉಬ್ಬಿದ್ದರೆ, ಫೋನಿನಲ್ಲಿ ಮೊದಲ ಮಾತೇ ಅದಾಗಲಿ.

ಇನ್ನು ನಡೆಸಬೇಕಾ ಬೇಡವಾ? ಎಲ್ಲರೂ ಕೇಳುವುದು ಇದನ್ನೇ. ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆಸಿ, ತಪ್ಪಿಲ್ಲ. ಗಾಳಿ ತುಂಬಿದ್ದರೆ ಅದರಿಂದ ಹಗುರಾಗುತ್ತದೆ, ನೋವಿನ ಕಡೆಯಿಂದ ಗಮನವೂ ಸರಿಯುತ್ತದೆ. ಆದರೆ ರಾತ್ರಿಯೆಲ್ಲ ಎಳೆದಾಡಿಸಿ ಸುಸ್ತು ಮಾಡಬೇಡಿ, ಓಡಿಸಲಂತೂ ಬೇಡ. ಸುಮ್ಮನೆ ಮಲಗಿದ್ದರೆ ಮಲಗಲು ಬಿಡಿ. ಮಲಗಿದರೆ ಕರುಳು ಸುತ್ತಿಕೊಳ್ಳುತ್ತದೆ ಅಂತ ಹೆದರಿ ಹೊಡೆದು ಎಬ್ಬಿಸುವವರನ್ನು ನೋಡಿದ್ದೇನೆ. ಆ ಏಟಿನಿಂದ ಕುದುರೆಗೆ ಏನೂ ಒಳ್ಳೆಯದಾಗುವುದಿಲ್ಲ. ಜೋರಾಗಿ ಉರುಳಾಡಿ ಗೋಡೆಗೆ ಹೊಡೆದುಕೊಳ್ಳುವ ಹಾಗಿದ್ದರೆ ಮಾತ್ರ ಲಾಯದಿಂದ ಹೊರಗೆ, ಮೆತ್ತನೆ ಮಣ್ಣಿರುವ ಬಯಲಿಗೆ ಕರೆದುಕೊಂಡು ಹೋಗಿ, ನೀವು ಕಾಲಿನಿಂದ ದೂರ ಇರಿ.

ಈಗ ಗೊಟ್ಟದ ವಿಷಯ. ದಯವಿಟ್ಟು ಬೇಡ. ತಲೆ ಎತ್ತಿಸಿ ಬಾಯಿಗೆ ಎಣ್ಣೆ, ಸೋಡಾ, ಕಷಾಯ ಏನೇ ಸುರಿದರೂ ಅದು ಶ್ವಾಸನಾಳಕ್ಕೆ ಇಳಿಯಬಹುದು. ಎಣ್ಣೆ ಒಳಗೆ ಹೋದರೂ ಕುದುರೆ ಸರಿಯಾಗಿ ಕೆಮ್ಮುವುದೂ ಇಲ್ಲ. ಹೊಟ್ಟೆನೋವು ವಾಸಿಯಾಗಿ, ಮೂರನೇ ದಿನ ನ್ಯುಮೋನಿಯಾದಿಂದ ಕುದುರೆ ಹೋಗುವುದು ಹೀಗೆ. ಡಾಕ್ಟರ್ ಕೊಡುವುದೂ ಎಣ್ಣೆಯನ್ನೇ ಇರಬಹುದು. ಆದರೆ ಅವರು ಮೂಗಿನಿಂದ ನಳಿಕೆ ಇಳಿಸಿ, ಅದು ಜಠರ ಮುಟ್ಟಿದ್ದು ಖಚಿತ ಮಾಡಿಕೊಂಡು ಹಾಕುತ್ತಾರೆ. ಗುದದೊಳಗೆ ಕೈ ಹಾಕಿ ಲದ್ದಿ ತೆಗೆಯುವ ಸಾಹಸವೂ ಬೇಡ. ಕುದುರೆಯ ಕರುಳಿನ ಗೋಡೆ ಸುಲಭವಾಗಿ ಹರಿಯುತ್ತದೆ, ಹರಿದರೆ ಉಳಿಯುವುದು ಕಷ್ಟ.

ಮೆಡಿಕಲ್ ಶಾಪಿನಿಂದ ತಂದು ನೋವಿನ ಇಂಜೆಕ್ಷನ್ ಚುಚ್ಚುವುದೂ ಅಷ್ಟೇ ಅಪಾಯ. ನೋವು ಅಡಗಿದರೆ ಕರುಳು ತಿರುಚಿದ್ದು ಗೊತ್ತಾಗದೆ ಹೊತ್ತು ಕಳೆದುಹೋಗುತ್ತದೆ. ಕುದುರೆಗೆ ಕೊಡುವ ನೋವಿನ ಔಷಧಿ ಫ್ಲುನಿಕ್ಸಿನ್ ಕೂಡ ರಕ್ತನಾಳಕ್ಕೆ ಕೊಡಬೇಕಾದದ್ದು. ಮಾಂಸಖಂಡಕ್ಕೆ ಚುಚ್ಚಿದ ಜಾಗದಲ್ಲಿ ಭಯಂಕರ ಸೋಂಕು ಏಳುವುದುಂಟು. ಮನುಷ್ಯರ ಡೈಕ್ಲೋಫೆನಾಕ್ ಅಂತೂ ಮುಟ್ಟಬೇಡಿ. ಅದು ತಗೊಂಡು ಸತ್ತ ಪ್ರಾಣಿಯನ್ನು ತಿಂದ ರಣಹದ್ದುಗಳು ಸಾಯುತ್ತವೆ ಅಂತ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು 2006ರಲ್ಲೇ ನಮ್ಮ ದೇಶದಲ್ಲಿ ನಿಷೇಧ ಮಾಡಿದ್ದಾರೆ.

ಡಾಕ್ಟರ್ ಬಂದ ಮೇಲೆ

ಅವರು ಮೊದಲು ನಾಡಿ, ಒಸಡು, ಸದ್ದು ನೋಡುತ್ತಾರೆ. ಉದ್ದ ಕೈಗವಸು ಹಾಕಿ ಒಳಗಿನಿಂದ ಕರುಳು ಮುಟ್ಟಿ ನೋಡುತ್ತಾರೆ. ಮೂಗಿನಿಂದ ಜಠರಕ್ಕೆ ನಳಿಕೆ ಇಳಿಸುತ್ತಾರೆ. ನೋಡಲು ಕಷ್ಟ ಅನಿಸುತ್ತದೆ, ಆದರೆ ವಾಂತಿ ಮಾಡಲಾಗದ ಪ್ರಾಣಿಗೆ ಅದೊಂದೇ ಬಿಡುಗಡೆ. ನಳಿಕೆಯಿಂದ ಲೀಟರ್‌ಗಟ್ಟಲೆ ನೀರು ವಾಪಸ್ ಬಂದರೆ ತೊಂದರೆ ಸಣ್ಣ ಕರುಳಿನ ಕಡೆ ಇರಬಹುದು, ಗಂಭೀರ ಅಂತಲೇ ತಿಳಿಯಿರಿ. ನಿಮ್ಮ ಕೆಲಸ ಕುದುರೆಯ ತಲೆಯ ಹತ್ತಿರ ನಿಂತು ಮಾತಾಡಿಸುತ್ತಿರುವುದು.

ಚಂದ್ರಿಯದು ಕಟ್ಟಿಕೊಂಡ ಹೊಟ್ಟೆ. ಎಡಗಡೆಯ ಆ ಕಿರಿದಾದ ತಿರುವಿನಲ್ಲಿ ಒಣಹುಲ್ಲು ಮುದ್ದೆಯಾಗಿ ನಿಂತಿತ್ತು. ನೋವಿಗೆ ಇಂಜೆಕ್ಷನ್ ಕೊಟ್ಟು, ನಳಿಕೆಯಲ್ಲಿ ಉಗುರುಬೆಚ್ಚನೆ ನೀರು, ಲಿಕ್ವಿಡ್ ಪ್ಯಾರಾಫಿನ್ ಎಣ್ಣೆ ಹಾಕಿದರು. ಬೆಳಿಗ್ಗೆ ಮತ್ತೆ ನೀರು. ಸಂಜೆ ನಾಲ್ಕಕ್ಕೆ ಬಾಲ ಎತ್ತಿದಳು. ಮೊದಲು ನಾಲ್ಕು ಗಟ್ಟಿ ಉಂಡೆ, ಆಮೇಲೆ ಎಣ್ಣೆ ಮಿರುಗುವ ಮೆತ್ತನೆಯ ಲದ್ದಿ. ಬೆಳಕಿಗೆ ಹಿಡಿದು ನೋಡಿದೆ, ಹಾಕಿದ ಎಣ್ಣೆ ಈಚೆ ಬಂದಿತ್ತು. ದಾರಿ ತೆರೆದಿದೆ ಅನ್ನುವುದಕ್ಕೆ ಅದಕ್ಕಿಂತ ಚೆಂದದ ಸಾಕ್ಷಿ ಬೇಡ.

ಎಲ್ಲ ನೋವೂ ಕಟ್ಟಿಕೊಂಡದ್ದಲ್ಲ. ಗಾಳಿ ತುಂಬಿದ್ದು, ಕರುಳು ಹಿಂಡಿದಂತಾಗುವುದು ಇವು ಔಷಧಿಗೆ ಬೇಗ ಬಗ್ಗುತ್ತವೆ. ಹೆಚ್ಚಿನ ಹೊಟ್ಟೆನೋವುಗಳು ಆಪರೇಷನ್ ಇಲ್ಲದೆ ವಾಸಿಯಾಗುತ್ತವೆ. ತಿರುಚಿಕೊಂಡ ಕರುಳಿಗೆ ಮಾತ್ರ ಆಪರೇಷನ್ ಬಿಟ್ಟು ದಾರಿ ಇಲ್ಲ. ನೋವಿನ ಔಷಧಿ ಕೊಟ್ಟ ಮೇಲೂ ಒಂದೆರಡು ಗಂಟೆಯಲ್ಲಿ ನೋವು ಮತ್ತೆ ಜೋರಾಗಿ ಬಂದರೆ ಡಾಕ್ಟರಿಗೆ ತಕ್ಷಣ ತಿಳಿಸಿ. ದೊಡ್ಡ ಆಸ್ಪತ್ರೆಗೆ ಸಾಗಿಸುವುದಾದರೆ ಗಾಡಿ ಯಾವುದು, ದುಡ್ಡು ಎಷ್ಟು, ಜೊತೆಗೆ ಯಾರು ಅನ್ನುವುದನ್ನು ಮನೆಯವರೆಲ್ಲ ಕೂತು ಇವತ್ತೇ ಮಾತಾಡಿಕೊಳ್ಳಿ. ಆ ರಾತ್ರಿ ಅದನ್ನು ಯೋಚಿಸುವ ಶಕ್ತಿ ಇರುವುದಿಲ್ಲ.

ಲದ್ದಿ ಬಿದ್ದ ತಕ್ಷಣ ಸಂತೋಷಕ್ಕೆ ಬಕೆಟ್ ತುಂಬಾ ಹುರುಳಿ ಇಡಬೇಡಿ. ಡಾಕ್ಟರ್ ಒಪ್ಪಿದ ಮೇಲೆ ಮೊದಲು ಒಂದೆರಡು ಹಿಡಿ ಹಸಿ ಗರಿಕೆ. ಮೂರು ನಾಲ್ಕು ಗಂಟೆಗೊಮ್ಮೆ ಅಷ್ಟಷ್ಟೇ. ಮಾರನೇ ದಿನ ನೀರಲ್ಲಿ ಅದ್ದಿದ ಹುಲ್ಲು ಸ್ವಲ್ಪ. ಎರಡು ಮೂರು ದಿನದಲ್ಲಿ ಪೂರ್ತಿ ಹುಲ್ಲಿಗೆ ಬನ್ನಿ. ಕಾಳು ಕೊನೆಗೆ.

ಹೊಟ್ಟೆಯ ಬೇರೆ ತೊಂದರೆಗಳು

ಗಂಟಲಲ್ಲಿ ಸಿಕ್ಕಿಕೊಳ್ಳುವುದು. ಕುದುರೆ ಕತ್ತು ಚಾಚಿ, ಕೆಮ್ಮಿ, ಮೂಗಿನಿಂದ ತಿಂದದ್ದೂ ಜೊಲ್ಲೂ ಸುರಿಸುತ್ತದೆ. ನೋಡಿದವರಿಗೆ ಉಸಿರು ಕಟ್ಟಿದೆ ಅನಿಸುತ್ತದೆ. ಅಲ್ಲ, ಅನ್ನನಾಳ ಕಟ್ಟಿದೆ. ಒಣ ಬೂಸಾ, ಗುಳಿಗೆ ರೂಪದ ಫೀಡ್ ಗಬಗಬ ತಿನ್ನುವ ಕುದುರೆಗೆ ಹೀಗಾಗುತ್ತದೆ. ಮೇವು, ನೀರು ಎರಡೂ ತೆಗೆದು, ತಲೆ ಕೆಳಗೆ ಇಟ್ಟುಕೊಳ್ಳುವ ಹಾಗೆ ಸದ್ದಿಲ್ಲದ ಕಡೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ. ಇಲ್ಲೂ ಎಣ್ಣೆ ಸುರಿಯಬೇಡಿ. ಮುಂದೆ ಬೂಸಾವನ್ನು ನೆನೆಸಿಯೇ ಕೊಡಿ.

ಕಾಳಿನ ಕೋಣೆಗೆ ನುಗ್ಗಿ ತಿಂದದ್ದು. ಬೆಳಿಗ್ಗೆ ಎದ್ದು ನೋಡಿದರೆ ಮೂಟೆ ಅರ್ಧ ಖಾಲಿ, ಕುದುರೆ ಆರಾಮಾಗಿ ನಿಂತಿದೆ. ಆರಾಮಾಗಿದೆ ಅಲ್ವಾ ಅಂತ ಬಿಡಬೇಡಿ, ಆಗಲೇ ಫೋನ್ ಮಾಡಿ. ಅಷ್ಟೊಂದು ಪಿಷ್ಟ ಹಿಂದಿನ ಕರುಳಿಗೆ ಇಳಿದರೆ ಅಲ್ಲಿನ ಸೂಕ್ಷ್ಮಜೀವಿಗಳು ಸಾಯುತ್ತವೆ, ಆಮ್ಲ ಮತ್ತು ವಿಷ ರಕ್ತಕ್ಕೆ ಸೇರುತ್ತವೆ. ಒಂದರಿಂದ ಮೂರು ದಿನದಲ್ಲಿ ಗೊರಸಿನೊಳಗೆ ಊತ ಬಂದು ಕುದುರೆ ಹೆಜ್ಜೆ ಇಡಲಾರದೆ ಹೋಗಬಹುದು. ಹೊಟ್ಟೆಯ ತಪ್ಪಿಗೆ ಕಾಲು ದಂಡ ಕಟ್ಟುತ್ತದೆ. ಡಾಕ್ಟರ್ ಬರುವ ತನಕ ನಾಲ್ಕೂ ಗೊರಸನ್ನು ಐಸ್ ನೀರಿನಲ್ಲಿ ಇಡಲು ಹೇಳಬಹುದು.

ಜಠರದ ಹುಣ್ಣು ಸದ್ದಿಲ್ಲದ ಕಾಯಿಲೆ. ರೇಸ್ ಕುದುರೆಗಳಲ್ಲಿ ತುಂಬಾ ಸಾಮಾನ್ಯ. ಜಠರದ ಮೇಲ್ಭಾಗಕ್ಕೆ ಆಮ್ಲದಿಂದ ಕಾಪಾಡುವ ಲೋಳೆ ಪದರ ಇಲ್ಲ. ಗಂಟೆಗಟ್ಟಲೆ ಖಾಲಿ ಹೊಟ್ಟೆ ಬಿಟ್ಟು ಓಡಿಸಿದರೆ ಆಮ್ಲ ಮೇಲಕ್ಕೆ ಚಿಮ್ಮುತ್ತದೆ. ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು, ಹಲ್ಲು ಕಡಿಯುವುದು, ಕಾಳು ಅರ್ಧ ತಿಂದು ಬಿಡುವುದು, ಮೈ ಇಳಿಯುವುದು ಇದರ ಗುರುತು. ಪೊಗರು ಅಂತ ಬೈಸಿಕೊಳ್ಳುವ ಎಷ್ಟೋ ಕುದುರೆಗಳಿಗೆ ಹೊಟ್ಟೆಯಲ್ಲಿ ಹುಣ್ಣಿರುತ್ತದೆ, ಪಾಪ. ಡಾಕ್ಟರ್ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಕೊಡಬಹುದು. ನೀವು ಮಾಡಬಹುದಾದದ್ದು, ಸವಾರಿಗೆ ಅರ್ಧ ಗಂಟೆ ಮುಂಚೆ ಎರಡು ಹಿಡಿ ಹುಲ್ಲು ತಿನ್ನಿಸುವುದು.

ಭೇದಿ. ದೊಡ್ಡ ಕುದುರೆಗೆ ನೀರಿನಂಥ ಭೇದಿ ಜೊತೆಗೆ ಜ್ವರ ಇದ್ದರೆ ಅದು ತುರ್ತು, ಒಂದೇ ದಿನದಲ್ಲಿ ಮೈ ಒಣಗಿಬಿಡುತ್ತದೆ. ಬೇರೆ ಕುದುರೆಗಳಿಂದ ದೂರ ಕಟ್ಟಿ, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಹುಟ್ಟಿದ ಮರಿಗೆ ಒಂದೆರಡು ವಾರದೊಳಗೆ ಸಣ್ಣ ಭೇದಿ ಆಗುವುದು ಸಾಮಾನ್ಯ, ಹಾಲು ಕುಡಿದು ಚುರುಕಾಗಿದ್ದರೆ ಗಾಬರಿ ಬೇಡ. ಆದರೆ ಹುಟ್ಟಿದ ಮೊದಲ ದಿನ ಕಪ್ಪು ಅಂಟು ಲದ್ದಿ ಬೀಳದೆ ಬಾಲ ಎತ್ತಿ ತಿಣುಕುತ್ತಿದ್ದರೆ ಕಾಯಬೇಡಿ.

ದಿನದಿನದ ಕಾಪಾಡುವಿಕೆ

ಮೊದಲು ನೀರು, ಎರಡನೆಯದೂ ನೀರು. ನಮ್ಮ ಕಡೆಯ ಕುದುರೆ ದಿನಕ್ಕೆ 20ರಿಂದ 40 ಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ದುಡಿದರೆ ಇನ್ನೂ ಜಾಸ್ತಿ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಪ್ಲಾಸ್ಟಿಕ್ ಡ್ರಮ್ಮಿನ ನೀರು ಕಾದು ಹೋಗುತ್ತದೆ, ಕುದುರೆ ಮೂತಿ ಇಟ್ಟು ಬಿಟ್ಟುಬಿಡುತ್ತದೆ. ನೆರಳಲ್ಲಿ ಕಲ್ಲುಬಾನಿ ಇಡಿ, ಪಾಚಿ ಕಟ್ಟದಂತೆ ಉಜ್ಜಿ ತೊಳೆಯಿರಿ. ದಿನಕ್ಕೆ 25ರಿಂದ 30 ಗ್ರಾಂ ಉಪ್ಪು ಕೊಡಿ, ಬಾಯಾರಿಕೆ ಆಗಲಿ. ಚಂದ್ರಿಗೆ ಆದದ್ದಕ್ಕೆ ಕಾರಣ ಇದೇ. ಡ್ರಮ್ ಮಧ್ಯಾಹ್ನವೇ ಖಾಲಿಯಾಗಿತ್ತು, ನಾನು ನೋಡಿರಲಿಲ್ಲ.

ಆಮೇಲೆ ಹುಲ್ಲು. ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣಹುಲ್ಲು ದಿನಕ್ಕೆ ಬೇಕು. 312 ಕೆಜಿಗೆ ಐದರಿಂದ ಆರು ಕೆಜಿ. ಹಸಿಯಾದರೆ ಅದರಲ್ಲಿ ನೀರೇ ಹೆಚ್ಚು, ಮೂರು ನಾಲ್ಕು ಪಟ್ಟು ತೂಗಬೇಕು. ಗರಿಕೆ ಎಲ್ಲಕ್ಕಿಂತ ಒಳ್ಳೆಯದು. ಕುದುರೆ ಮಸಾಲೆ ಸೊಪ್ಪು ಸತ್ವದ್ದು, ಜೊತೆಗೆ ಸ್ವಲ್ಪ ಇರಲಿ. ಭತ್ತದ ಹುಲ್ಲು ಒರಟು, ಅದೊಂದನ್ನೇ ಹಾಕಬೇಡಿ, ಹಾಕಲೇಬೇಕಾದರೆ ನೀರು ಚಿಮುಕಿಸಿ. ಲಾನ್ ಕತ್ತರಿಸಿದ ಹುಲ್ಲಿನ ರಾಶಿ ತಂದು ಸುರಿಯಬೇಡಿ. ಸಣ್ಣ ಚೂರು, ಅಗಿಯದೆ ನುಂಗುತ್ತದೆ, ಆಗಲೇ ಬಿಸಿಯೇರಿ ಹುಳಿಯುತ್ತಿರುತ್ತದೆ.

ಹುರುಳಿಯನ್ನು ರಾತ್ರಿ ನೆನೆಸಿ, ಬೇಯಿಸಿ, ಆರಿಸಿ ಕೊಡಿ. ಕಾಳು ಒಂದು ಹೊತ್ತಿಗೆ ಮೈತೂಕದ ನೂರಕ್ಕೆ ಅರ್ಧ ಪಾಲು ಮೀರಬಾರದು, ಅದಕ್ಕಿಂತ ಕಡಿಮೆಯೇ ಕ್ಷೇಮ. ದಿನಕ್ಕೆ ಒಂದೇ ಸಲ ಸುರಿಯುವ ಬದಲು ಮೂರು ಪಾಲು ಮಾಡಿ. ಗೋಧಿ ಬೂಸಾ ಹಗುರ ಅಂತ ಬುಟ್ಟಿಗಟ್ಟಲೆ ಹಾಕುವವರಿದ್ದಾರೆ. ಅದರಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ತಿಂಗಳುಗಟ್ಟಲೆ ಅದನ್ನೇ ಹಾಕಿದರೆ ಮೂಳೆ ಸವೆಯುತ್ತದೆ. ಯಾವ ಮೇವು ಬದಲಿಸಿದರೂ ಏಳರಿಂದ ಹತ್ತು ದಿನ ತಗೊಳ್ಳಿ. ಹಳೆಯದು ಕಮ್ಮಿ ಮಾಡುತ್ತಾ ಹೊಸದು ಸೇರಿಸಿ. ಬದಲಾಗಬೇಕಾದ್ದು ಕರುಳಿನ ಸೂಕ್ಷ್ಮಜೀವಿಗಳು, ಅವಕ್ಕೆ ಅಷ್ಟು ದಿನ ಬೇಕು.

ಹಸು, ಕೋಳಿಗೆ ಅಂತ ಮಾಡಿದ ಫೀಡ್ ಕುದುರೆಗೆ ಬೇಡವೇ ಬೇಡ. ಕೆಲವು ಫೀಡ್‌ಗಳಲ್ಲಿ ಮೊನೆನ್ಸಿನ್ ಎನ್ನುವ ಔಷಧಿ ಇರುತ್ತದೆ. ದನಕ್ಕೆ ಏನೂ ಆಗದ ಅಳತೆ ಕುದುರೆಯ ಹೃದಯ ನಿಲ್ಲಿಸಬಲ್ಲದು.

ಮದುವೆಗೆ ಕುದುರೆ ಕಳಿಸುವವರಿಗೆ ಒಂದು ಮಾತು. ಮೆರವಣಿಗೆ ಮುಗಿಯುವುದು ರಾತ್ರಿ ಎಷ್ಟೊತ್ತಿಗೋ. ಅಲ್ಲಿ ಪ್ರೀತಿಯಿಂದ ಅನ್ನ, ಲಾಡು, ಬಾಳೆಹಣ್ಣು ತಿನ್ನಿಸುತ್ತಾರೆ, ನೀರು ಮಾತ್ರ ಯಾರೂ ಕೊಡುವುದಿಲ್ಲ. ನಿಮ್ಮದೇ ಬಕೆಟ್, ನಿಮ್ಮದೇ ಹುಲ್ಲು ಜೊತೆಗೆ ಕಳಿಸಿ. ಹಾರದ ಹೂವು ತಿನ್ನಲು ಬಿಡಬೇಡಿ. ಅದರಲ್ಲಿ ಕಣಗಿಲೆ ಇದ್ದರೆ ಅದು ವಿಷ.

ಹಲ್ಲನ್ನು ವರ್ಷಕ್ಕೊಮ್ಮೆ ನೋಡಿಸಿ. ದವಡೆ ಹಲ್ಲಿನ ಅಂಚು ಚೂಪಾದರೆ ಅಗಿಯಲಾರದೆ ಹುಲ್ಲಿನ ಉಂಡೆ ಉಗುಳುತ್ತದೆ, ಲದ್ದಿಯಲ್ಲಿ ಉದ್ದುದ್ದ ಎಳೆ, ಇಡೀ ಕಾಳು ಕಾಣುತ್ತದೆ. ಜಂತುಹುಳುವಿಗೆ ಸುಮ್ನೆ ಮೂರು ತಿಂಗಳಿಗೊಮ್ಮೆ ಪೇಸ್ಟ್ ಹಾಕುವ ಬದಲು ಲದ್ದಿ ಪರೀಕ್ಷೆ ಮಾಡಿಸಿ, ಮೊಟ್ಟೆ ಲೆಕ್ಕ ನೋಡಿ ಹಾಕಿಸಿ. ಇಲ್ಲದಿದ್ದರೆ ಔಷಧಿಗೆ ಬಗ್ಗದ ಹುಳುಗಳು ಹುಟ್ಟಿಕೊಳ್ಳುತ್ತವೆ. ಮರಿಗಳಿಗೆ ಹುಳು ತುಂಬಾ ಇದ್ದರೆ ಡಾಕ್ಟರನ್ನು ಕೇಳದೆ ಹಾಕಬೇಡಿ. ಸತ್ತ ಹುಳುಗಳೇ ಮುದ್ದೆಯಾಗಿ ಕರುಳು ಕಟ್ಟುವುದುಂಟು.

ಮರಳು ನೆಲದ ಮೇಲೆ ಹುಲ್ಲು ಹಾಕುವವರು ಒಂದು ಪರೀಕ್ಷೆ ಮಾಡಿ. ನೆಲ ಮುಟ್ಟದ ಐದಾರು ಲದ್ದಿ ಉಂಡೆಗಳನ್ನು ಮೇಲಿನಿಂದ ಆರಿಸಿ, ಗಾಜಿನ ಜಾಡಿಯಲ್ಲಿ ನೀರು ಹಾಕಿ ಕದಡಿ, ಹದಿನೈದು ನಿಮಿಷ ಬಿಡಿ. ತಳದಲ್ಲಿ ಮರಳು ಕೂತರೆ ಕುದುರೆ ದಿನಾ ಮರಳು ತಿನ್ನುತ್ತಿದೆ. ಹುಲ್ಲನ್ನು ರಬ್ಬರ್ ಮ್ಯಾಟಿನ ಮೇಲೋ ಗೊಂತಿನಲ್ಲೋ ಹಾಕಿ. ಮರಳು ಈಚೆ ಬರಲಿ ಅಂತ ಇಸಾಬ್‌ಗೋಲ್ ಎಷ್ಟು, ಎಷ್ಟು ದಿನ ಕೊಡಬೇಕು ಅಂತ ಡಾಕ್ಟರನ್ನು ಕೇಳಿ.

ನಮ್ಮ ಲಾಯದ ಗೋಡೆಗೆ ಈಗ ಒಂದು ಕಪ್ಪು ಹಲಗೆ ಇದೆ. ಮೇಲೆ ಇಬ್ಬರು ಡಾಕ್ಟರ ನಂಬರ್, 1962, ಗಾಡಿಯವನ ನಂಬರ್. ಕೆಳಗೆ ಪ್ರತಿ ಕುದುರೆಯ ಹೆಸರು, ತೂಕ, ಆರಾಮದ ನಾಡಿ. ಪಕ್ಕದ ಡಬ್ಬಿಯಲ್ಲಿ ಥರ್ಮಾಮೀಟರ್, ಸ್ಟೆತಸ್ಕೋಪ್, ಟಾರ್ಚ್, ಪೆನ್ನು. ಚಂದ್ರಿಯ ಹೆಸರಿನ ಮುಂದೆ 36 ಅಂತ ಬರೆದಿದೆ. ರಾತ್ರಿ ಮಲಗುವ ಮುಂಚೆ ನೀರಿನ ಬಾನಿ ನೋಡಿ, ಎಡಪಕ್ಕೆಗೆ ಒಂದು ನಿಮಿಷ ಕಿವಿ ಇಟ್ಟು ಬರುತ್ತೇನೆ.